ನಡುಗಡಲಿನ ಕಾವಲು

ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೊರಟವರಿಗೆ ಗುರುಪುರ, ಎಡಪದವು, ಮಿಜಾರುಗಳನ್ನು ದಾಟಿದ ಮೇಲೆ ತೋಡಾರು ಸಿಗುತ್ತದೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಈ ಹೆದ್ದಾರಿಯಲ್ಲಿ ಕೆಲವು ದಿನ ಸಾಲುಸಾಲಾಗಿ ಪ್ರವಾಸಿ ಬಸ್ಸುಗಳು ಸಾಗುವುದುಂಟು. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ವಿಹಾರನೌಕೆ ಬಂದಿದೆ, ಅದರ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಲು ಹೊರಟಿದ್ದಾರೆ ಎಂದು ಊರವರು ತಿಳಿದುಕೊಳ್ಳುತ್ತಾರೆ. ಬೆಳಿಗ್ಗೆ ಇಳಿದ ಈ ಜನ ಸಂಜೆಯೊಳಗೆ ಹಡಗನ್ನು ಸೇರಿಕೊಳ್ಳಬೇಕು. ಇಳಿದವರೆಷ್ಟು, ಮರಳಿದವರೆಷ್ಟು, ಮರಳಿದವರ ಕೈಯಲ್ಲಿರುವ ಗಂಟಿನಲ್ಲಿ ಏನಿದೆ ಎಂಬುದನ್ನು ಒಬ್ಬೊಬ್ಬರಾಗಿ ಎಣಿಸಿ ನೋಡುವ ಮಂದಿ ಹಡಗಿನ ಬಾಗಿಲಲ್ಲಿ ನಿಂತಿರುತ್ತಾರೆ. ಬಸದಿಯ ಕಂಬಗಳನ್ನು ಎಣಿಸುವವರು ಬಹಳ; ಈ ಎಣಿಸುವವರನ್ನು ಕುರಿತು ಯೋಚಿಸಿದವರು ಕಡಿಮೆ.

ನಮಗೆ ಆ ಯೋಚನೆ ಬಂದುದಕ್ಕೆ ಕಾರಣವಿದೆ. ಕರಾವಳಿಯ ಮನೆಗಳಿಂದ ಯುವಕರು ಹಡಗಿನ ಕೆಲಸಕ್ಕೆ ಹೋಗುವುದು ಹಳೆಯ ಮಾತು. ಈಗ ಘಟ್ಟದ ಮೇಲಿನ ನಮ್ಮ ಸಮಾಜದ ಕುಟುಂಬಗಳಲ್ಲಿಯೂ “ಮಗನಿಗೆ ಹಡಗಿನಲ್ಲಿ ಸೆಕ್ಯುರಿಟಿ ಕೆಲಸ ಸಿಗುತ್ತದಂತೆ, ಕಳುಹಿಸಬಹುದೇ?” ಎಂಬ ಪ್ರಶ್ನೆ ಕೇಳಿಬರುತ್ತಿದೆ. ಕೇಳುವ ತಾಯಂದಿರ ಕಣ್ಣಮುಂದೆ ಇರುವುದು ಬಂದೂಕು ಹಿಡಿದು ನಿಂತ ಕಾವಲುಗಾರನ ಚಿತ್ರ. ಆ ಚಿತ್ರ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಹಡಗುಗಳ ಚರಿತ್ರೆಯಿಂದಲೇ ತಿಳಿಯುವುದು ಒಳ್ಳೆಯದೆಂದು ಈ ಲೇಖನಕ್ಕೆ ಕೈಹಾಕಿದ್ದೇವೆ.

ಕಾವಲೆಂಬುದು ಮೂಡುಬಿದಿರೆಯ ಸೀಮೆಗೆ ಹೊಸ ವಿಷಯವಲ್ಲ. ಜೈನರ ಷಟ್ಖಂಡಾಗಮದ ಧವಲಾದಿ ಟೀಕೆಗಳ ತಾಳೆಗರಿಗಳು ಬೇರೆಲ್ಲಿಯೂ ಉಳಿಯದೆ ಇಲ್ಲಿನ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಕೊಂಡವು. ಭಕ್ತರು ದೂರದಿಂದ ಕೈಮುಗಿದು ಹೋಗುತ್ತಿದ್ದರು. ೧೮೯೬ರಲ್ಲಿ ಮೊದಲಾದ ಪ್ರತಿ ಮಾಡುವ ಕಾರ್ಯ ಮುಗಿಯಲು ೧೯೨೨ರವರೆಗೆ ಹಿಡಿಯಿತು. ಅದೇ ಊರಿನಲ್ಲಿ ೨೦೧೩ರ ಜುಲೈಯಲ್ಲಿ ಅಮೂಲ್ಯ ವಿಗ್ರಹಗಳು ಕಳವಾದ ಸುದ್ದಿಯೂ ನಾಡಿಗೆಲ್ಲ ತಿಳಿದಿದೆ. ಬೀಗವೂ ಬೇಕು, ಬೀಗದ ಬಳಿ ವಸ್ತುವಿನ ಬೆಲೆ ಬಲ್ಲ ಮನುಷ್ಯನೂ ಬೇಕು. ನೆಲದ ಮೇಲಾದರೆ ಕಳವಾದ ಮರುಗಳಿಗೆಯಲ್ಲಿ ಪೊಲೀಸರನ್ನು ಕರೆಯಬಹುದು. ನಡುಗಡಲಿನಲ್ಲಿ ಕರೆಯುವುದು ಯಾರನ್ನು?

ವಿಮಾನಗಳು ಸಾಮಾನ್ಯರ ಪ್ರಯಾಣದ ಸಾಧನವಾಗುವ ಮೊದಲು ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಜನರನ್ನು ಒಯ್ಯುತ್ತಿದ್ದವು ಮಹಾನೌಕೆಗಳು. ನಿಗದಿಯಾದ ದಿನ ಹೊರಟು ನಿಗದಿಯಾದ ದಿನ ಮುಟ್ಟುವ ಈ ನೌಕೆಗಳಿಗೆ ಇಂಗ್ಲಿಷಿನಲ್ಲಿ ಲೈನರ್ ಎಂದು ಹೆಸರು. ಅಂಥ ನೌಕೆ ಒಂದು ಸಣ್ಣ ಪಟ್ಟಣವೇ ಸರಿ. ಅಲ್ಲಿ ಅಡುಗೆಮನೆ, ಆಸ್ಪತ್ರೆ, ಅಂಚೆ, ಖಜಾನೆ ಎಲ್ಲವೂ ಇರುತ್ತಿದ್ದವು. ಪೊಲೀಸ್ ಠಾಣೆ ಮಾತ್ರ ಇರುತ್ತಿರಲಿಲ್ಲ. ಅದರ ಬದಲು ಮಾಸ್ಟರ್ ಅಟ್ ಆರ್ಮ್ಸ್ ಎಂಬ ಅಧಿಕಾರಿಯೊಬ್ಬ ಇರುತ್ತಿದ್ದನು. ಹೆಸರಿನಲ್ಲಿ ಆಯುಧವಿದ್ದರೂ ಅವನ ದಿನಚರಿ ಬೇರೆಯೇ. ಮೂರನೆಯ ದರ್ಜೆಯವರು ಮೊದಲ ದರ್ಜೆಯ ಅಟ್ಟಕ್ಕೆ ಹತ್ತದಂತೆ ನೋಡುವುದು, ಶ್ರೀಮಂತ ಪ್ರಯಾಣಿಕರನ್ನು ಇಸ್ಪೀಟಿನಲ್ಲಿ ಸುಲಿಯಲೆಂದೇ ಹಡಗೇರುವ ವೃತ್ತಿಪರ ವಂಚಕರ ಮುಖಗಳನ್ನು ನೆನಪಿಟ್ಟುಕೊಳ್ಳುವುದು, ರಾತ್ರಿ ಓಣಿಗಳಲ್ಲಿ ಸುತ್ತಿ ಎಲ್ಲಿಯಾದರೂ ಹೊಗೆಯ ವಾಸನೆ ಇದೆಯೇ ಎಂದು ಮೂಸುವುದು. ಕಡಲಿನವರು ಕಳ್ಳನಿಗಿಂತ ಬೆಂಕಿಗೆ ಹೆಚ್ಚು ಹೆದರುತ್ತಾರೆ. ೧೯೩೪ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಾರೋ ಕ್ಯಾಸಲ್ ಎಂಬ ನೌಕೆ ತೀರ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿಯೇ ಹೊತ್ತಿ ಉರಿದು ೧೩೭ ಜನ ಸತ್ತರು ಎಂಬುದನ್ನು ನೆನೆದರೆ ಆ ಹೆದರಿಕೆ ಏಕೆಂದು ತಿಳಿಯುತ್ತದೆ.

ಆದರೆ ಕೆಲವೊಮ್ಮೆ ಈ ಕಾವಲುಗಾರರ ಪಾಲಿಗೆ ಬಂದ ಹೊಣೆಗಳು ವಿಚಿತ್ರವಾಗಿದ್ದವು. ಅವುಗಳಲ್ಲಿ ನಮ್ಮ ದೇಶದ ಭಕ್ತಿಯೊಂದಿಗೆ ಬೆರೆತದ್ದು ೧೯೦೨ರ ಕಥೆ. ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಜಯಪುರದ ಮಹಾರಾಜ ಎರಡನೆಯ ಸವಾಯಿ ಮಾಧೋಸಿಂಗರಿಗೆ ಕರೆ ಬಂದಿತು. ಕರೆಯನ್ನು ನಿರಾಕರಿಸುವಂತಿಲ್ಲ; ಕಡಲು ದಾಟಿದರೆ ಆಚಾರ ಕೆಡುತ್ತದೆಂಬ ನಂಬಿಕೆಯನ್ನು ಮೀರುವಂತೆಯೂ ಇಲ್ಲ. ಅವರು ಕಂಡುಕೊಂಡ ದಾರಿ ಹೀಗಿತ್ತು: ಆಗತಾನೆ ಕಟ್ಟಿದ ಒಲಿಂಪಿಯಾ ಎಂಬ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದರು. ಹೊಸ ಹಡಗಾದ್ದರಿಂದ ಅದರಲ್ಲಿ ಮಾಂಸ ಬೆಂದಿರಲಿಲ್ಲ. ಅದನ್ನು ಶುದ್ಧಿ ಮಾಡಿಸಿ, ಆರಾಧ್ಯದೈವವಾದ ಗೋಪಾಲಜಿಯ ವಿಗ್ರಹವನ್ನು ಮೊದಲು ಏರಿಸಿ, ದೇವರ ಪರಿವಾರದವರಾಗಿ ತಾವು ಹಿಂದಿನಿಂದ ಏರಿದರು. ನೂರಕ್ಕೂ ಮಿಕ್ಕಿದ ಪರಿವಾರ, ಬೇರೆಬೇರೆ ಅಡುಗೆಮನೆಗಳು. ಜೊತೆಗೆ ಬೆಳ್ಳಿಯ ಬೃಹತ್ ಹಂಡೆಗಳಲ್ಲಿ ಗಂಗಾಜಲ. ಹದಿನಾಲ್ಕು ಸಾವಿರ ಬೆಳ್ಳಿಯ ನಾಣ್ಯಗಳನ್ನು ಕರಗಿಸಿ ಮಾಡಿದ ಒಂದೊಂದು ಹಂಡೆಯ ತೂಕ ೩೪೫ ಕಿಲೋ. ಹಿಡಿಯುವ ನೀರು ನಾಲ್ಕು ಸಾವಿರ ಲೀಟರಿಗೂ ಹೆಚ್ಚು. ಅವುಗಳಲ್ಲಿ ಎರಡು ಇಂದಿಗೂ ಜಯಪುರದ ಅರಮನೆಯಲ್ಲಿವೆ. ಪ್ರವಾಸ ಹೋದವರು ನೋಡಿರಬಹುದು.

ಈ ಹಡಗಿನ ಕಾವಲುಗಾರನ ಸ್ಥಿತಿಯನ್ನು ಕಲ್ಪಿಸಿಕೊಳ್ಳಿ. ಅವನು ಕಾಯಬೇಕಾದದ್ದು ಚಿನ್ನವನ್ನಲ್ಲ, ನೀರನ್ನು. ಕಳವಾಗದಂತೆ ಅಲ್ಲ, ಮೈಲಿಗೆಯಾಗದಂತೆ. ಹಡಗಿನ ಆಂಗ್ಲ ಅಧಿಕಾರಿಗೆ ಈ ಕಾವಲಿನ ತರ್ಕವೇ ತಿಳಿಯದು. ತಿಳಿದವರು ಪರಿವಾರದ ಅರ್ಚಕರು ಮತ್ತು ಪರಿಚಾರಕರು. ಆದ್ದರಿಂದ ನಿಜವಾದ ಕಾವಲು ಅವರದೇ ಆಗಿತ್ತು. ಆಚಾರದ ಈ ಕಟ್ಟುಪಾಡು ಶರಣರ ಮಾರ್ಗದಲ್ಲಿ ನಡೆಯುವ ನಮಗೆ ಒಪ್ಪಿಗೆಯಾಗಬೇಕೆಂದಿಲ್ಲ. ಮೈಲಿಗೆಯೆಂಬುದನ್ನೇ ಪ್ರಶ್ನಿಸಿದವರ ಮಕ್ಕಳು ನಾವು. ಆದರೂ ತನ್ನ ಮನಸ್ಸಿಗೆ ಪವಿತ್ರವಾದುದನ್ನು ಪರಕೀಯರ ಹಡಗಿನಲ್ಲಿ, ಪರಕೀಯರ ರಾಜಧಾನಿಯವರೆಗೆ ಕೆಡದಂತೆ ಒಯ್ದ ಆ ಹಟಕ್ಕೆ ಒಂದು ಗೌರವ ಸಲ್ಲಲೇಬೇಕು.

ಇದಾದ ಒಂಬತ್ತು ವರ್ಷಕ್ಕೆ ಕಡಲಿನ ಮೇಲೆ ಮತ್ತೊಂದು ಬಗೆಯ ಕಾವಲು ನಡೆಯಿತು. ೧೯೧೧ರ ದಿಲ್ಲಿ ದರ್ಬಾರಿಗಾಗಿ ಐದನೆಯ ಜಾರ್ಜ್ ದೊರೆ ಮೆಡೀನಾ ಎಂಬ ಹೊಸ ನೌಕೆಯಲ್ಲಿ ಮುಂಬಯಿಗೆ ಬಂದನು. ಇಂಗ್ಲೆಂಡಿನ ರಾಜಕಿರೀಟವನ್ನು ದೇಶದಿಂದ ಹೊರಗೆ ಒಯ್ಯಬಾರದೆಂಬ ನಿಯಮವಿದ್ದುದರಿಂದ ಭಾರತಕ್ಕೆಂದೇ ಆರು ಸಾವಿರಕ್ಕೂ ಹೆಚ್ಚು ವಜ್ರಗಳ ಬೇರೊಂದು ಕಿರೀಟವನ್ನು ಮಾಡಿಸಿದರು. ಖರ್ಚು ಅರವತ್ತು ಸಾವಿರ ಪೌಂಡು, ಅದೂ ಭಾರತದ ಬೊಕ್ಕಸದಿಂದ. ಹಡಗಿನಲ್ಲಿ ಬಂದ ಕಿರೀಟ ದರ್ಬಾರು ಮುಗಿದೊಡನೆ ಹಡಗಿನಲ್ಲಿಯೇ ಹಿಂದಿರುಗಿತು. ಇಂದು ಲಂಡನ್ನಿನ ಟವರಿನಲ್ಲಿದೆ. ಹಣ ಕೊಟ್ಟವರ ಕಣ್ಣಿನಿಂದಲೇ ಅದನ್ನು ಕಾಯಬೇಕಾಯಿತೆಂಬುದು ನಮ್ಮ ಅಭಿಪ್ರಾಯ!

ಚಿನ್ನ ಬೆಳ್ಳಿಗಳ ಮಾತಿಗೆ ಬರೋಣ. ಭಂಡಾರದ ಹೊಣೆ ಎಂಥದೆಂಬುದನ್ನು ಕಲ್ಯಾಣದ ಭಂಡಾರಿಯಾಗಿದ್ದ ಬಸವಣ್ಣನವರನ್ನು ನೆನೆಯುವ ನಮ್ಮ ಓದುಗ ಬಂಧುಗಳಿಗೆ ಬೇರೆ ಹೇಳಬೇಕಿಲ್ಲ. ನಮ್ಮ ಕೋಲಾರದ ಗಣಿಗಳ ಚಿನ್ನ ಬಹುಕಾಲ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಇಂಗ್ಲೆಂಡಿನಿಂದ ಭಾರತದ ಬ್ಯಾಂಕುಗಳಿಗೆ ನಾಣ್ಯ ಮತ್ತು ಗಟ್ಟಿಗಳು ಬರುತ್ತಿದ್ದವು. ಇದಕ್ಕಾಗಿ ಪಿ. ಅಂಡ್ ಓ. ಕಂಪನಿಯ ಹಡಗುಗಳ ಒಡಲಿನಲ್ಲಿ ಕಬ್ಬಿಣದ ತಗಡುಗಳಿಂದ ಕಟ್ಟಿದ ಭಂಡಾರದ ಕೋಣೆ ಇರುತ್ತಿತ್ತು.

ಅಂಥ ಹಡಗುಗಳಲ್ಲಿ ಈಜಿಪ್ಟ್ ಎಂಬುದೊಂದು. ೧೯೨೨ರ ಮೇ ೧೯ರಂದು ಲಂಡನ್ನಿನ ಟಿಲ್ಬರಿ ಬಂದರಿನಿಂದ ಮುಂಬಯಿಗೆ ಹೊರಟ ಅದರಲ್ಲಿ ೪೪ ಪ್ರಯಾಣಿಕರೂ ಸುಮಾರು ೨೯೦ ಜನ ಸಿಬ್ಬಂದಿಯೂ ಇದ್ದರು. ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರು. ಕಲಾಸಿಗಳು, ಬೆಂಕಿಯ ಕೊಳವೆಗಳ ಮುಂದೆ ಬೇಯುವವರು, ಗೋವೆಯ ಬಾಣಸಿಗರು ಮತ್ತು ಬಡಿಸುವವರು. ಭಂಡಾರದ ಕೋಣೆಯಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆಯ ಸಂಪತ್ತಿತ್ತು: ೧,೦೮೯ ಚಿನ್ನದ ಗಟ್ಟಿ, ೧,೨೨೯ ಬೆಳ್ಳಿಯ ಗಟ್ಟಿ, ಒಂದು ಲಕ್ಷದ ಅರವತ್ತೈದು ಸಾವಿರಕ್ಕೂ ಹೆಚ್ಚು ಚಿನ್ನದ ಸವರನ್ನು. ಇನ್ನೂ ಒಂದು ಸರಕು ಅದರಲ್ಲಿತ್ತು. ನಮ್ಮ ಕಲಬುರಗಿ, ಬೀದರ, ರಾಯಚೂರಿನ ಓದುಗರು ಇಲ್ಲಿ ಕಿವಿಗೊಡಬೇಕು. ಹೈದರಾಬಾದಿನ ನಿಜಾಮ ಸರ್ಕಾರಕ್ಕಾಗಿ ಇಂಗ್ಲೆಂಡಿನಲ್ಲಿ ಅಚ್ಚಾದ ನೋಟುಗಳ ಕಟ್ಟುಗಳು ಆ ಹಡಗಿನಲ್ಲಿದ್ದವು. ಹಿರಿಯರು ‘ಹಾಲಿ ಸಿಕ್ಕಾ’ ಎಂದು ಕರೆಯುತ್ತಿದ್ದ ಹಣದ ನೋಟುಗಳು ಅವು.

ಮರುದಿನ ಸಂಜೆ ಫ್ರಾನ್ಸಿನ ಪಶ್ಚಿಮದ ತುದಿಯ ಬಳಿ ದಟ್ಟವಾದ ಮಂಜಿನಲ್ಲಿ ಸೀನ್ ಎಂಬ ಫ್ರೆಂಚ್ ಸರಕುಹಡಗು ಬಂದು ಈಜಿಪ್ಟಿನ ಪಕ್ಕೆಗೆ ಬಡಿಯಿತು. ಸೀನ್ ಹಡಗಿನ ಮೂತಿ ಹಿಮಗಡ್ಡೆಗಳನ್ನು ಒಡೆಯಲೆಂದು ಬಲಪಡಿಸಿದ್ದು. ಇಪ್ಪತ್ತು ನಿಮಿಷಗಳಲ್ಲಿ ಈಜಿಪ್ಟ್ ಮುಳುಗಿತು. ಸತ್ತವರು ಎಂಬತ್ತಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಸಿಬ್ಬಂದಿ. ಭಾರತೀಯ ಕಲಾಸಿಗಳು ದಿಗಿಲುಬಿದ್ದು ದೋಣಿಗಳಿಗೆ ಮುಗಿಬಿದ್ದರು, ಅದಕ್ಕೇ ಹೀಗಾಯಿತು ಎಂಬ ದೂರು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಕೇಳಿಬಂದಿತು. ವಿಚಾರಣೆ ನಡೆದಾಗ ಹೊರಬಿದ್ದ ಸಂಗತಿ ಬೇರೆ. ಜೀವ ಉಳಿಸುವ ಕ್ರಮಗಳಲ್ಲಿ ಹಡಗಿನ ಮೇಲಧಿಕಾರಿಗಳೇ ತಪ್ಪಿದ್ದರು. ದೋಣಿಗಳನ್ನಿಳಿಸುವ ತಾಲೀಮು ಸರಿಯಾಗಿರಲಿಲ್ಲ. ಕಪ್ತಾನನ ಪರವಾನಗಿಯನ್ನು ಆರು ತಿಂಗಳು ಅಮಾನತಿನಲ್ಲಿ ಇಟ್ಟರು.

ಮುಂದಿನ ಕಥೆ ಇನ್ನೂ ಯೋಚಿಸುವಂಥದು. ಭಂಡಾರದ ಕೋಣೆಯನ್ನು ಎಷ್ಟು ಭದ್ರವಾಗಿ ಕಟ್ಟಿದ್ದರೆಂದರೆ, ಸುಮಾರು ನಾಲ್ಕುನೂರು ಅಡಿ ಆಳದಲ್ಲಿ ಬಿದ್ದಿದ್ದ ಅದನ್ನು ಮುಟ್ಟಲು ಹತ್ತು ವರ್ಷಗಳು ಬೇಕಾದವು. ಆರ್ಟಿಲಿಯೋ ಎಂಬ ಹಡಗಿನ ಇಟಲಿಯ ಮುಳುಗುಗಾರರು ೧೯೩೦ರಲ್ಲಿ ಈಜಿಪ್ಟ್ ಬಿದ್ದ ಜಾಗವನ್ನು ಕಂಡುಹಿಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಮುಳುಗಿದ್ದ ಬೇರೊಂದು ಮದ್ದುಗುಂಡಿನ ಹಡಗನ್ನು ಒಡೆಯಲು ಹೋಗಿ ಆರ್ಟಿಲಿಯೋ ಸ್ಫೋಟಕ್ಕೆ ಸಿಲುಕಿ, ಆಲ್ಬರ್ಟೋ ಜಾನ್ನಿ ಎಂಬ ಮುಖ್ಯ ಮುಳುಗುಗಾರನೂ ಸಂಗಡಿಗರೂ ಸತ್ತರು. ಉಳಿದವರು ಬಿಡಲಿಲ್ಲ. ಉಕ್ಕಿನ ಕೊಳವೆಯಂತಹ ಗೂಡಿನಲ್ಲಿ ಒಬ್ಬನನ್ನು ಕೂರಿಸಿ ಕೆಳಗಿಳಿಸುವುದು, ಅವನು ಕಿಂಡಿಯಿಂದ ನೋಡಿ ಟೆಲಿಫೋನಿನಲ್ಲಿ ಎಡಕ್ಕೆ, ಬಲಕ್ಕೆ ಎಂದು ಹೇಳುವುದು, ಮೇಲಿನವರು ಕಬ್ಬಿಣದ ಕೊಕ್ಕೆಯನ್ನು ಆಡಿಸುವುದು ಅವರ ಕ್ರಮವಾಗಿತ್ತು. ಅಟ್ಟದ ಮೇಲಟ್ಟವನ್ನು ಸಿಡಿಸಿ ಕಿತ್ತು ೧೯೩೨ರ ಜೂನ್ ೨೨ರಂದು ಮೊದಲ ಚಿನ್ನವನ್ನು ಮೇಲೆತ್ತಿದರು. ನಿಜಾಮರ ನೋಟುಗಳೂ ನೀರಿನಿಂದ ಮೇಲೆ ಬಂದವು. ಹಣವಾಗಿ ಚಲಾವಣೆಯಾಗದೆ, ಮುಳುಗಿದ ಹಡಗಿನ ನೆನಪಿನ ಕಾಗದಗಳಾಗಿ ಅವು ಸಂಗ್ರಾಹಕರ ಕೈಸೇರಿದವು. ೧೯೩೫ರ ಹೊತ್ತಿಗೆ ಸಂಪತ್ತಿನ ಬಹುಪಾಲು ದೊರೆತಿತ್ತು. ಚಿನ್ನಕ್ಕೆ ಅಷ್ಟು ದಪ್ಪದ ಕಬ್ಬಿಣದ ಗೋಡೆ, ಮನುಷ್ಯರಿಗೆ ಸರಿಯಾಗಿ ಇಳಿಯದ ದೋಣಿ. ಆ ಕಾಲದ ಹಡಗಿನ ಕಾವಲಿನ ಲೆಕ್ಕ ಹೀಗಿತ್ತು.

ಹೋಲುವ ಇನ್ನೊಂದು ಪ್ರಸಂಗ ನಮ್ಮ ಮುಂಬಯಿಯ ತಿಲಾವಾ ನೌಕೆಯದು. ೧೯೪೨ರ ನವೆಂಬರಿನಲ್ಲಿ ಆಫ್ರಿಕಕ್ಕೆ ಹೊರಟ ಅದರಲ್ಲಿ ೯೫೮ ಜನರಿದ್ದರು. ದಕ್ಷಿಣ ಆಫ್ರಿಕದ ಟಂಕಸಾಲೆಗೆಂದು ೨,೩೬೪ ಬೆಳ್ಳಿಯ ಗಟ್ಟಿಗಳಿದ್ದವು. ೨೩ನೆಯ ತಾರೀಕು ಜಪಾನಿನ ಜಲಾಂತರ್ಗಾಮಿಯ ಹೊಡೆತಕ್ಕೆ ಹಡಗು ಮುಳುಗಿ ೨೮೦ ಜನ ಸತ್ತರು. ಎರಡೂವರೆ ಕಿಲೋಮೀಟರ್ ಆಳದಿಂದ ಬೆಳ್ಳಿಯನ್ನು ೨೦೧೭ರಲ್ಲಿ ಎತ್ತಿದರು. ಅದು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ ೨೦೨೪ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಪರವಾಗಿ ತೀರ್ಪಾಯಿತು. ಸತ್ತವರ ಮನೆಯವರು ಸೇರಿ ಮುಂಬಯಿಯಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಸಿದ್ದು ಘಟನೆಯ ಎಂಬತ್ತು ವರ್ಷಗಳ ಮೇಲೆ, ೨೦೨೨ರಲ್ಲಿ.

ಎರಡನೆಯ ಮಹಾಯುದ್ಧದ ನಂತರ ವಿಮಾನಗಳು ಹೆಚ್ಚಿದವು. ಆದರೂ ಅಲುಗಬಾರದ, ಉದುರಬಾರದ ವಸ್ತುಗಳಿಗೆ ಹಡಗೇ ಬೇಕಾಗಿತ್ತು. ೧೯೬೨ರ ಡಿಸೆಂಬರಿನಲ್ಲಿ ಮೋನಾಲೀಸಾ ಚಿತ್ರವು ಫ್ರಾನ್ಸ್ ಎಂಬ ನೌಕೆಯ ಪ್ರಥಮ ದರ್ಜೆಯ ಕೋಣೆಯಲ್ಲಿ ಕಾವಲುಗಾರರೊಡನೆ ಅಮೆರಿಕಕ್ಕೆ ಪ್ರಯಾಣ ಮಾಡಿತು. ೧೯೬೪ರಲ್ಲಿ ಮೈಕೆಲ್ಯಾಂಜೆಲೋನ ಪಿಯೆತಾ ಎಂಬ ಅಮೃತಶಿಲೆಯ ಶಿಲ್ಪ ಕ್ರಿಸ್ತೋಫೊರೋ ಕೊಲಂಬೋ ಎಂಬ ಇಟಲಿಯ ನೌಕೆಯಲ್ಲಿ ನ್ಯೂಯಾರ್ಕಿಗೆ ಹೋಯಿತು. ಅದನ್ನು ಹಡಗಿನ ಒಡಲಿನಲ್ಲಿಡದೆ ಮೇಲಟ್ಟದಲ್ಲಿ ಕಟ್ಟಿದ್ದರು. ಹಡಗು ಮುಳುಗಿದರೂ ಪೆಟ್ಟಿಗೆ ಬಿಡಿಸಿಕೊಂಡು ತೇಲುವಂತೆ ಏರ್ಪಾಡು ಮಾಡಿದ್ದರು. ಇಲ್ಲಿ ಕಾವಲೆಂದರೆ ಬೀಗವಲ್ಲ, ಬಿಡುಗಡೆ! ಈಜಿಪ್ಟಿನ ಭಂಡಾರದ ಕೋಣೆಗೂ ಈ ತೇಲುವ ಪೆಟ್ಟಿಗೆಗೂ ಇರುವ ಅಂತರವನ್ನು ಓದುಗರು ಗಮನಿಸಬೇಕು.

ಇಷ್ಟು ಹೊತ್ತು ವಸ್ತುಗಳ ಕಾವಲಾಯಿತು. ೧೯೭೨ರ ಮೇ ತಿಂಗಳಲ್ಲಿ ಇಡೀ ನೌಕೆಯನ್ನೇ ಕಾಯುವ ಪ್ರಸಂಗ ಬಂದಿತು. ಅಟ್ಲಾಂಟಿಕ್ ಸಾಗರದ ನಡುವೆ ಸಾಗುತ್ತಿದ್ದ ಕ್ವೀನ್ ಎಲಿಜಬೆತ್ ಎರಡು ಎಂಬ ಪ್ರಸಿದ್ಧ ನೌಕೆಯಲ್ಲಿ ಬಾಂಬುಗಳಿವೆ, ಮೂರೂವರೆ ಲಕ್ಷ ಡಾಲರ್ ಕೊಡದಿದ್ದರೆ ಸಿಡಿಯುತ್ತವೆ ಎಂದು ನ್ಯೂಯಾರ್ಕಿನ ಕಚೇರಿಗೆ ಒಬ್ಬನು ಟೆಲಿಫೋನ್ ಮಾಡಿದನು. ದಡ ಬಹು ದೂರ. ಬ್ರಿಟಿಷ್ ಸರ್ಕಾರ ನಾಲ್ವರು ಸೈನಿಕರನ್ನು ವಿಮಾನದಲ್ಲಿ ಕಳುಹಿಸಿತು. ಅವರು ತಮ್ಮ ಸಲಕರಣೆಗಳೊಡನೆ ಛತ್ರಿ ಕಟ್ಟಿಕೊಂಡು ನಡುಗಡಲಿಗೇ ಧುಮುಕಿದರು. ಹಡಗಿನ ದೋಣಿ ಹೋಗಿ ಅವರನ್ನು ಎತ್ತಿಕೊಂಡು ಬಂದಿತು. ಬಾಂಬು ಇರಲಿಲ್ಲ. ಬೆದರಿಸಿದವನು ಜೋಡುಗಳನ್ನು ಮಾರುವ ಕೆಲಸದವನೆಂದು ಆಮೇಲೆ ತಿಳಿದು ಜೈಲು ಸೇರಿದನು. ಆ ಸೈನಿಕರ ಸಾಹಸವೇ ಲೋಕದಲ್ಲಿ ಉಳಿದುಕೊಂಡಿತು, ಅದು ಸಹಜ. ಆದರೆ ಸಾವಿರಾರು ಕೋಣೆ, ಕಪಾಟು, ಓಣಿಗಳ ಹಡಗಿನಲ್ಲಿ ಹೊರಗಿನಿಂದ ಬಂದ ನಾಲ್ವರು ಎಷ್ಟು ಜಾಗ ಹುಡುಕಿಯಾರು? ಹಡಗಿನಲ್ಲಿ ಹುಡುಕಾಟದ ನಿಯಮ ಒಂದೇ: ಆಯಾ ಜಾಗದಲ್ಲಿ ದಿನವೂ ಕೆಲಸ ಮಾಡುವವನೇ ಆ ಜಾಗವನ್ನು ಹುಡುಕಬೇಕು. ಅಡುಗೆಯವನಿಗೆ ತನ್ನ ಉಗ್ರಾಣದ ಪ್ರತಿಯೊಂದು ಡಬ್ಬವೂ ಗೊತ್ತು. ಹಾಸಿಗೆ ಸರಿಪಡಿಸುವವನಿಗೆ ಯಾವ ಕೋಣೆಯ ಯಾವ ಮೂಲೆಯಲ್ಲಿ ನಿನ್ನೆ ಏನಿರಲಿಲ್ಲ ಎಂಬುದು ಗೊತ್ತು. ಪರಕೀಯ ವಸ್ತುವನ್ನು ಕಾಣುವ ಕಣ್ಣು ಅವರದು. ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಗೆ ಅನ್ಯರು ಬಂದು ಹೋದದ್ದು ಪಾತ್ರೆ ಒಂದಿಂಚು ಸರಿದಿದ್ದರೂ ಅವರಿಗೆ ಗೊತ್ತಾಗುತ್ತದೆ.

ಇದಕ್ಕೆ ಘೋರವಾದ ಸಾಕ್ಷಿ ದೊರೆತದ್ದು ೧೯೮೫ರ ಅಕ್ಟೋಬರ್ ೭ರಂದು. ಆಕಿಲೆ ಲೌರೋ ಎಂಬ ಇಟಲಿಯ ನೌಕೆಯನ್ನು ಈಜಿಪ್ಟ್ ದೇಶದ ತೀರದಾಚೆ ನಾಲ್ವರು ಅಪಹರಿಸಿದರು. ಪ್ರಯಾಣಿಕರಂತೆ ಟಿಕೆಟು ಕೊಂಡು ಹತ್ತಿದ್ದ ಅವರ ಉದ್ದೇಶ ಮುಂದಿನ ಬಂದರಿನಲ್ಲಿ ಇಳಿದು ದಾಳಿ ನಡೆಸುವುದಾಗಿತ್ತು. ಕೋಣೆಯಲ್ಲಿ ಅವರು ಬಂದೂಕುಗಳನ್ನು ಒರೆಸುತ್ತ ಕುಳಿತದ್ದನ್ನು ಹಡಗಿನ ಸೇವಕನೊಬ್ಬ ಕಂಡುಬಿಟ್ಟನು. ಗುಟ್ಟು ರಟ್ಟಾಯಿತೆಂದು ಅವರು ಹಡಗನ್ನೇ ವಶಪಡಿಸಿಕೊಂಡರು. ಗಾಲಿಕುರ್ಚಿಯಲ್ಲಿದ್ದ ೬೯ ವರ್ಷದ ಅಮೆರಿಕದ ವೃದ್ಧರೊಬ್ಬರನ್ನು ಕೊಂದು ಕಡಲಿಗೆಸೆದರು. ಹತ್ತುವಾಗ ಅವರ ಗಂಟುಮೂಟೆಯನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಕಂಡವನು ಕಾವಲುಗಾರನಲ್ಲ, ತಟ್ಟೆ ಹಿಡಿದ ಸೇವಕ. ಕಂಡದ್ದನ್ನು ಯಾರಿಗೆ, ಹೇಗೆ ತಿಳಿಸಬೇಕೆಂದು ಅಂಥವರಿಗೆ ಕಲಿಸುವ ವ್ಯವಸ್ಥೆ ಆ ಕಾಲದಲ್ಲಿ ಇರಲಿಲ್ಲ.

ಈ ಘಟನೆಯ ಫಲವಾಗಿ ೧೯೮೮ರಲ್ಲಿ ರೋಮಿನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತವೂ ೨೦೦೨ರಲ್ಲಿ ಅದಕ್ಕೆ ತಕ್ಕ ಕಾಯಿದೆಯನ್ನು ಮಾಡಿತು. ಅಮೆರಿಕದ ಮೇಲೆ ೨೦೦೧ರಲ್ಲಿ ನಡೆದ ದಾಳಿಯ ನಂತರ ಬಂದ ನಿಯಮಾವಳಿ ೨೦೦೪ರ ಜುಲೈ ೧ರಿಂದ ಜಾರಿಯಾಗಿದೆ. ಅಂದಿನಿಂದ ಪ್ರತಿಯೊಂದು ಪ್ರಯಾಣಿಕ ಹಡಗಿಗೂ ಒಬ್ಬ ಭದ್ರತಾಧಿಕಾರಿ, ಒಂದು ಗುಪ್ತ ಭದ್ರತಾ ಯೋಜನೆ, ಬಂದರಿಗೂ ಹಾಗೆಯೇ ಒಂದು ಯೋಜನೆ ಕಡ್ಡಾಯ. ನವಮಂಗಳೂರು ಬಂದರಿನ ಹೆಬ್ಬಾಗಿಲಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು ನಿಂತಿರುವುದನ್ನು ದಾರಿಹೋಕರು ನೋಡಿರುತ್ತಾರೆ.

ಹಾಗಾದರೆ ಬಂದೂಕು? ಪ್ರಯಾಣಿಕ ನೌಕೆಯ ಕಾವಲುಗಾರ ಸಾಮಾನ್ಯವಾಗಿ ಬಂದೂಕು ಹಿಡಿದು ತಿರುಗುವವನಲ್ಲ. ೨೦೦೫ರ ನವೆಂಬರ್ ೫ರಂದು ಸೊಮಾಲಿಯದ ತೀರದಾಚೆ ಸೀಬೋರ್ನ್ ಸ್ಪಿರಿಟ್ ಎಂಬ ವಿಹಾರನೌಕೆಯ ಮೇಲೆ ಕಡಲ್ಗಳ್ಳರು ಬಂದೂಕು ಮತ್ತು ರಾಕೆಟ್ಟುಗಳಿಂದ ದಾಳಿ ಮಾಡಿದಾಗ ಎದುರಿಸಿದವರು ಇಬ್ಬರು: ಮಾಸ್ಟರ್ ಅಟ್ ಆರ್ಮ್ಸ್ ಆಗಿದ್ದ ಗೂರ್ಖಾ ಸೋಮಬಹಾದುರ್ ಗುರುಂಗ್ ಮತ್ತು ಭದ್ರತಾಧಿಕಾರಿ ಮೈಕೇಲ್ ಗ್ರೋವ್ಸ್. ಅವರ ಕೈಯಲ್ಲಿದ್ದದ್ದು ಬೆಂಕಿ ನಂದಿಸುವ ನೀರಿನ ಕೊಳವೆ ಮತ್ತು ಕಿವಿ ಒಡೆಯುವಂತೆ ಸದ್ದನ್ನು ದೂರಕ್ಕೆ ಎಸೆಯುವ ಒಂದು ಯಂತ್ರ. ಗುರುಂಗ್ ಗಾಯಗೊಂಡು ಬಿದ್ದಾಗ ಗ್ರೋವ್ಸ್ ಅವನನ್ನು ಮರೆಗೆಳೆದು ಹೋರಾಟ ಮುಂದುವರಿಸಿದನು. ಹಡಗು ವೇಗ ಹೆಚ್ಚಿಸಿ ತಪ್ಪಿಸಿಕೊಂಡಿತು. ೨೦೦೭ರಲ್ಲಿ ಇಂಗ್ಲೆಂಡಿನ ರಾಣಿಯಿಂದ ಇಬ್ಬರಿ��ೂ ಶೌರ್ಯದ ಗೌರವ ದೊರೆಯಿತು. ಇಂಥ ದಿನ ಕಾವಲುಗಾರನ ಜೀವಮಾನದಲ್ಲಿ ಬಾರದೆ ಹೋಗುವುದೇ ಹೆಚ್ಚು.

ಉಳಿದ ದಿನಗಳಲ್ಲಿ ಅವನ ಕೆಲಸವೇನು? ಬಂದರಿನಲ್ಲಿ ಗ್ಯಾಂಗ್‌ವೇ ಎಂಬ ಏಣಿಯ ತುದಿಯಲ್ಲಿ ನಿಂತು ಪ್ರತಿಯೊಬ್ಬರ ಚೀಟಿಯನ್ನು ಯಂತ್ರಕ್ಕೆ ತೋರಿಸಿ, ಪರದೆಯ ಮೇಲೆ ಮೂಡುವ ಚಿತ್ರಕ್ಕೂ ಎದುರಿಗಿರುವ ಮುಖಕ್ಕೂ ತಾಳೆ ನೋಡುವುದು. ಗಂಟುಗಳನ್ನು ಕ್ಷ-ಕಿರಣದ ಯಂತ್ರದಲ್ಲಿ ಹಾಯಿಸುವುದು. ಇಸ್ತ್ರಿಪೆಟ್ಟಿಗೆ ಸಿಕ್ಕರೆ ತೆಗೆದಿರಿಸಿಕೊಳ್ಳುವುದು, ಏಕೆಂದರೆ ಮೊದಲೇ ಹೇಳಿದಂತೆ ಬೆಂಕಿಯ ಭಯ. ತಲೆಗೂದಲಿನ ಶಾಂಪೂ ಬಾಟಲಿಯಲ್ಲಿ ಮದ್ಯ ತುಂಬಿಕೊಂಡು ಬರುವ ಜಾಣರನ್ನು ಹಿಡಿಯುವುದು. ಹೊರಡುವ ಮುನ್ನ ಕದ್ದು ಹತ್ತಿದವರು ಯಾರಾದರೂ ದೋಣಿಗಳಲ್ಲಿ, ಉಗ್ರಾಣಗಳಲ್ಲಿ ಅಡಗಿದ್ದಾರೆಯೇ ಎಂದು ನೋಡುವುದು. ಕಾಣೆಯಾದ ಮಗುವನ್ನು ಹುಡುಕುವುದು, ಕುಡಿದು ಜಗಳವಾಡುವ ಗಂಡಹೆಂಡಿರನ್ನು ಬೇರೆಬೇರೆ ಕೋಣೆಗಳಿಗೆ ಕಳುಹಿಸುವುದು, ಸಾವು ಸಂಭವಿಸಿದರೆ ಶವವನ್ನು ಮರ್ಯಾದೆಯಿಂದ ಕಾಯುವುದು. ಬದುಕು ಬೇಸರವಾಗಿ ಅಟ್ಟದ ಅಂಚಿನಲ್ಲಿ ಒಬ್ಬಂಟಿಯಾಗಿ ನಿಲ್ಲುವವರ ಬಳಿ ಹೋಗಿ ಮಾತನಾಡಿಸುವುದೂ ಅವನ ಪಾಲಿಗೆ ಬರುತ್ತದೆ. ಅನೇಕ ಹಡಗುಗಳಲ್ಲಿ ಮನುಷ್ಯ ಕಡಲಿಗೆ ಬಿದ್ದರೆ ‘ಆಸ್ಕರ್’ ಎಂದೂ ಬೆಂಕಿಯಾದರೆ ‘ಬ್ರಾವೋ’ ಎಂದೂ ಸಂಕೇತದ ಕೂಗು ಹಾಕುತ್ತಾರೆ, ಪ್ರಯಾಣಿಕರು ಗಾಬರಿಯಾಗದಿರಲೆಂದು.

ನಮ್ಮ ಭಕ್ತ ಕುಟುಂಬಗಳಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಯುಕ್ತ. ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಧರಿಸಿದವರು ಲೋಹ ಪತ್ತೆ ಮಾಡುವ ಚೌಕಟ್ಟಿನ ಮೂಲಕ ಹಾಯ್ದಾಗ ಯಂತ್ರ ಕೂಗುತ್ತದೆ. ಕಾವಲುಗಾರನಿಗೆ ಅದೇನೆಂದು ತಿಳಿಯದು. ಬಿಚ್ಚಿ ತಟ್ಟೆಯಲ್ಲಿಡಿ ಎನ್ನುತ್ತಾನೆ. ಧರಿಸಿದವರಿಗೆ ಅದು ಪ್ರಾಣಸಮಾನ. ಇಲ್ಲಿ ಸಿಟ್ಟಾಗಿ ಪ್ರಯೋಜನವಿಲ್ಲ, ನಾಚಿಕೆಪಡುವ ಕಾರಣವೂ ಇಲ್ಲ. ಯಂತ್ರದ ಮುಂದೆ ಹೋಗುವ ಮೊದಲೇ ಇದು ನಮ್ಮ ಧರ್ಮದ ಪವಿತ್ರ ವಸ್ತು, ಸದಾ ಮೈಮೇಲೆ ಇರತಕ್ಕದ್ದು ಎಂದು ಸೌಮ್ಯವಾಗಿ ತಿಳಿಸಿ, ಪ್ರತ್ಯೇಕ ಕೋಣೆಯಲ್ಲಿ ನಮ್ಮ ಕೈಯಿಂದಲೇ ತೆರೆದು ತೋರಿಸುತ್ತೇವೆಂದು ಕೇಳಿಕೊಂಡರೆ ಸಮಸ್ಯೆ ಹಗುರವಾಗುತ್ತದೆ. ಕೃಪಾಣ ಧರಿಸುವ ಸಿಖ್ಖರು, ಶಿಲುಬೆ ಧರಿಸುವ ಕ್ರೈಸ್ತರು, ತಾಯಿತ ಕಟ್ಟಿದ ಮುಸಲ್ಮಾನರು ಎಲ್ಲರೂ ಆ ಏಣಿಯನ್ನು ಹತ್ತುವವರೇ. ಪರರ ದೇವರನ್ನು ಮುಟ್ಟದೆ ಪರೀಕ್ಷಿಸುವುದು ಹೇಗೆಂಬುದು ಒಳ್ಳೆಯ ಕಾವಲುಗಾರನ ವಿದ್ಯೆಯ ಒಂದು ಭಾಗ. ಒಲಿಂಪಿಯಾ ಹಡಗಿನಲ್ಲಿ ಗಂಗಾಜಲದ ಹಂಡೆಗಳ ಮುಂದೆ ನಿಂತ ಆಂಗ್ಲ ನಾವಿಕನ ಸಮಸ್ಯೆಯೇ ಬೇರೊಂದು ರೂಪದಲ್ಲಿ ಇಂದಿಗೂ ಇದೆ. ನಮ್ಮ ಮನೆಯ ಮಗನೇ ಆ ಕೆಲಸದಲ್ಲಿದ್ದರೆ ಇಂಥ ಹೊತ್ತಿನಲ್ಲಿ ಬಂದವರ ಮನಸ್ಸು ಅವನಿಗೆ ಬೇಗ ತಿಳಿದೀತು.

ಇನ್ನು ಕಳುಹಿಸಬಹುದೇ ಎಂಬ ತಾಯಂದಿರ ಪ್ರಶ್ನೆ. ಕೆಲಸ ಗೌರವದ್ದು, ಹೆಣ್ಣುಮಕ್ಕಳೂ ಈಗ ಅದರಲ್ಲಿದ್ದಾರೆ, ಮಹಿಳಾ ಪ್ರಯಾಣಿಕರನ್ನು ಪರೀಕ್ಷಿಸಲು ಅವರು ಬೇಕೇ ಬೇಕು. ಒಂದು ಸಲ ಹತ್ತಿದರೆ ಆರರಿಂದ ಒಂಬತ್ತು ತಿಂಗಳು ಮನೆಯ ಮುಖ ಕಾಣುವಂತಿಲ್ಲ. ಹಬ್ಬ, ಮದುವೆ, ಹಿರಿಯರ ಕಾಯಿಲೆ ಯಾವುದಕ್ಕೂ ನಡುವೆ ಇಳಿದು ಬರುವುದು ಸುಲಭವಲ್ಲ. ರಾತ್ರಿಯ ಪಾಳಿ ಇರುತ್ತದೆ. ದಿನಕ್ಕೆ ಕನಿಷ್ಠ ಹತ್ತು ಗಂಟೆ, ವಾರಕ್ಕೆ ಕನಿಷ್ಠ ೭೭ ಗಂಟೆ ವಿಶ್ರಾಂತಿ ಕೊಡಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಸಸ್ಯಾಹಾರ ಸಿಗುತ್ತದೆ, ಆದರೆ ಮನೆಯ ರೊಟ್ಟಿಯ ರುಚಿಯನ್ನು ನಿರೀಕ್ಷಿಸುವಂತಿಲ್ಲ.

ಹಡಗು ಹತ್ತುವ ಮೊದಲು ಜೀವರಕ್ಷಣೆ, ಅಗ್ನಿಶಮನ, ಪ್ರಥಮ ಚಿಕಿತ್ಸೆ ಮುಂತಾದ ಅಲ್ಪಾವಧಿಯ ತರಬೇತಿಗಳು ಕಡ್ಡಾಯ. ೨೦೧೦ರಲ್ಲಿ ಮನಿಲಾದಲ್ಲಿ ಆದ ತಿದ್ದುಪಡಿಗಳ ಮೇರೆಗೆ ಭದ್ರತೆಯ ತರಬೇತಿಯೂ ಇವುಗಳ ಜೊತೆಗೆ ಸೇರಿದೆ. ಅದು ಸೆಕ್ಯುರಿಟಿಯವನಿಗೆ ಮಾತ್ರವಲ್ಲ, ಭದ್ರತೆಯ ಹೊಣೆ ಹೊರುವ ಬಾಣಸಿಗನಿಗೂ ಕೋಣೆ ಗುಡಿಸುವವನಿಗೂ ಉಂಟು. ಆಕಿಲೆ ಲೌರೋದ ಸೇವಕನಿಗೆ ಸಿಗದ ಪಾಠ ಅದು. ತರಬೇತಿಯ ಪ್ರಮಾಣಪತ್ರಗಳೊಡನೆ ಸಿ.ಡಿ.ಸಿ. ಎಂಬ ನಾವಿಕನ ಪುಸ್ತಕವನ್ನು ಮಾಡಿಸಬೇಕು. ಇದನ್ನು ಕೊಡುವುದು ಕೇಂದ್ರ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯದ ವ್ಯವಸ್ಥೆ; ಅದರ ಮುಖ್ಯ ಕಚೇರಿ ಮುಂಬಯಿಯಲ್ಲಿದೆ.

ಮೋಸ ನಡೆಯುವುದು ಇಲ್ಲಿಯೇ. ಹಡಗಿಗೆ ಆಳುಗಳನ್ನು ನೇಮಿಸಿ ಕಳುಹಿಸುವ ಏಜೆಂಟನಿಗೆ ನಿರ್ದೇಶನಾಲಯದ ಪರವಾನಗಿ ಇರಬೇಕು. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಶುಲ್ಕ ಪಡೆಯಬಾರದೆಂಬುದು ೨೦೦೬ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದದ ನಿಯಮ. ಭಾರತ ೨೦೧೫ರಲ್ಲಿ ಅದನ್ನು ಅಂಗೀಕರಿಸಿದೆ. ತರಬೇತಿಯ ಶುಲ್ಕ ಬೇರೆ, ನೌಕರಿಯ ಹೆಸರಿನ ಲಕ್ಷಗಳು ಬೇರೆ. ಯಾರಾದರೂ ಹೊಲ ಅಡವಿಟ್ಟು ಹಣ ತನ್ನಿ, ಹಡಗು ಹತ್ತಿಸುತ್ತೇನೆ ಎಂದರೆ ಮೊದಲು ಅವನ ಪರವಾನಗಿಯ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಪರವಾನಗಿ ಪಡೆದವರ ಪಟ್ಟಿಯನ್ನು ನಿರ್ದೇಶನಾಲಯವೇ ಪ್ರಕಟಿಸುತ್ತದೆ; ಆ ಸಂಖ್ಯೆ ಅದರಲ್ಲಿ ಇದೆಯೇ, ಇದ್ದರೆ ಇನ್ನೂ ಊರ್ಜಿತದಲ್ಲಿದೆಯೇ ಎಂದು ಹಣದ ಮಾತಿಗೆ ಮೊದಲೇ ನೋಡಿಕೊಳ್ಳಬಹುದು.